ಒಂದು ‘ಓ’ ಅಂದರೆ ನೂರು

ಆಸ್ಪತ್ರೆಯ ವೈರ್‌ಲೆಸ್ ಮೆಕ್ಯಾನಿಕ್‌ನ ಫಜೀತಿಗೆಲ್ಲ ಕಾರಣ ಹೆಬ್ಬೆರಳಿನ ಉಗುರಿನಷ್ಟು ಬಿಲ್ಲೆ. ಮಂಚ, ಗಾಲಿಕುರ್ಚಿ, ಔಷಧಿ ಫ್ರಿಜ್ಜು, ಎಲ್ಲಕ್ಕೂ ಒಂದೊಂದು ಅಂಟಿಸಿತ್ತು. ಯಾವುದು ಎಲ್ಲಿದೆ ಅಂತ ಕೇಳಿದರೆ ಅವು ಗಾಳಿಯಲ್ಲೇ ಸುದ್ದಿ ಮುಟ್ಟಿಸುತ್ತಿದ್ದವು. ಒಟ್ಟು ಎಷ್ಟಿವೆ ಅನ್ನೋದು ಮಾತ್ರ ಯಾರಪ್ಪನಿಗೂ ಗೊತ್ತಿರಲಿಲ್ಲ.

“ಸಂಜೆಯೊಳಗೆ ಅಂದಾಜು ಬೇಕಂತೆ ಕಣಯ್ಯಾ,” ಅಂದರು ಸೂಪರಿಂಟೆಂಡೆಂಟರು. “ಸಾವಿರಕ್ಕಿಂತ ಕಡಿಮೆ ಇದ್ರೆ ಇಲ್ಲಿ ನಿನ್ನ ಹುದ್ದೆ ಇಲ್ಲ. ದೂರದ ಶಾಖೆಗೆ ವರ್ಗ.”

ಅವನ ಹೆಂಡತಿ ಇದೇ ಆಸ್ಪತ್ರೆಯಲ್ಲಿ ನರ್ಸು, ತುಂಬು ಬಸುರಿ. ಆ ಶಾಖೆಗೆ ಹತ್ತು ಗಂಟೆಯ ರೈಲು ಪ್ರಯಾಣ.

ಕ್ಯಾಂಟೀನಿನಲ್ಲಿ ಅವನ ಟೀ ಆರಿಹೋಗುವುದನ್ನು ಅಡುಗೆಯಕ್ಕ ನೋಡಲಾರದೆ ಹೋದಳು. “ಎಣಿಸೋಕೇನು ಧಾಡಿ? ಎಲ್ಲವನ್ನೂ ಕೂಗಿ ಕರಿ.”

“ಎಲ್ಲಾ ಒಟ್ಟಿಗೆ ಓ ಅಂದ್ರೆ ನಮ್ಮ ಸ್ಟಾಫ್ ಮೀಟಿಂಗ್ ಥರ ಆಗುತ್ತಕ್ಕಾ, ಒಂದೂ ಕೇಳಿಸಲ್ಲ. ಅದಕ್ಕೇ ನಾಲ್ಕು ಗಂಟೆಗೆ ನಾನು ಕೂಗಿದಾಗ ಒಂದೊಂದು ಬಿಲ್ಲೆಯೂ ತನ್ನೊಳಗೇ ಚೀಟಿ ಎತ್ತುತ್ತೆ. ನೂರಕ್ಕೆ ಒಂದು ಮಾತ್ರ ಓ ಅನ್ನುತ್ತೆ. ಹತ್ತು ಓ ಬಂದ್ರೆ ಸಾವಿರ ಬಿಲ್ಲೆ ಅಂತ ಅಂದಾಜು.”

“ಬಿಲ್ಲೆ ಮೇಲಿರೋ ಗುಂಡಿ ಒತ್ತಿದ್ರೂ ಅದು ಓ ಅನ್ನುತ್ತಲ್ವಾ?” ಲಿಫ್ಟಿನ ತಾತ ಮೆಲ್ಲಗೆ ಕೇಳಿದ.

“ಅನ್ನುತ್ತೆ ತಾತಾ. ಆದ್ರೆ ಅದು ಮೋಸ.” ಹಾಗಿತ್ತು ಅವನ ನಿಯತ್ತು.

ಗೋಡೆಗೂ ಕಿವಿ ಇರುತ್ತದೆ ಅಂತಾರೆ; ಆ ಕ್ಯಾಂಟೀನಿನ ಗೋಡೆಗೆ ಬಾಯಿಯೂ ಇತ್ತು. ಮೂರು ಗಂಟೆಗೆಲ್ಲ ಅವನ ವರ್ಗದ ವಿಷಯ, ಗುಂಡಿಯ ವಿಷಯ ಎರಡೂ ಕಟ್ಟಡದ ಮೂಲೆ ಮೂಲೆಗೂ ತಲುಪಿದ್ದವು.

ನಾಲ್ಕಕ್ಕೆ ಸರಿಯಾಗಿ ಮೆಕ್ಯಾನಿಕ್ ಉಸಿರು ಬಿಗಿಹಿಡಿದು ಕರೆ ಕಳಿಸಿದ. ನಲವತ್ತೊಂದು ಓ!

“ನಾಲ್ಕು ಸಾವಿರದ ನೂರು? ತಾಳಿ ಸಾರ್, ಇನ್ನೊಂದ್ಸಲ...” ಅನ್ನುವಷ್ಟರಲ್ಲಿ ಬೆನ್ನ ಹಿಂದಿದ್ದ ಸೂಪರಿಂಟೆಂಡೆಂಟರು ಫೋನಿನಲ್ಲಿ ಮೇಲಕ್ಕೆ ವರದಿ ಒಪ್ಪಿಸಿಯಾಗಿತ್ತು. ಫೋನಿಟ್ಟಾಗ ಅವರ ಮುಖ ಸಪ್ಪಗಾಗಿತ್ತು.

“ನಾಲ್ಕು ಸಾವಿರ ದಾಟಿದ್ರೆ ಒಬ್ಬನ ಕೈಲಿ ಆಗೋ ಕೆಲಸ ಅಲ್ಲವಂತೆ ಕಣೋ. ಹೊರಗಿನ ಕಂಪನಿಗೆ ವಹಿಸ್ತಾರಂತೆ. ನಿನಗೆ... ಅದೇ ಶಾಖೆ.”

ಕಾಲೆಳೆಯುತ್ತ ಅವನು ಹೊರಬಂದರೆ ಅಡುಗೆಯಕ್ಕ ಅಡ್ಡ ನಿಂತಿದ್ದಳು. “ಗೆದ್ದೆಯಂತಲ್ಲೋ! ಯಾರಿಗೂ ಹೇಳ್ಬೇಡ, ಅದರಲ್ಲಿ ಒಂದು ನೂರು ನಂದು.”

ಲಿಫ್ಟಿನ ತಾತ ಹೆಗಲು ತಟ್ಟಿದ. “ನಂದೂ ಒಂದು ನೂರು. ಪಾಪ ಏನಿದ್ರೂ ನನಗೇ ಬರ್ಲಿ, ನಿನಗೆ ಬೇಡ.”

ಆಮೇಲೆ ಎಕ್ಸ್‌ರೇಯವನು, ಆಯಾ, ಕಾವಲುಗಾರ. ಒಬ್ಬರು ಒತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಗೇಟು ತಲುಪುವಷ್ಟರಲ್ಲಿ ಇಪ್ಪತ್ತೆಂಟು ಜನ ಪಿಸುಗುಟ್ಟಿದ್ದರು. ನಿಜ ಹೇಳಿದರೆ ಅಷ್ಟೂ ಜನರ ಕೆಲಸಕ್ಕೆ ಕುತ್ತು. ಇಷ್ಟು ಜನಕ್ಕೆ ತಾನು ಬೇಕಾಗಿದ್ದೇನೆಂದು ಅವನಿಗೆ ಗೊತ್ತೇ ಇರಲಿಲ್ಲ.

ಗೇಟಿನ ಬಳಿ ಹೆಂಡತಿ ಹೊಟ್ಟೆಯ ಮೇಲೆ ಕೈಯಿಟ್ಟು ಕಾಯುತ್ತಿದ್ದಳು.

“ರೀ, ಬೈಬೇಡಿ. ನೀವಿಲ್ಲದೆ ಹೆರಿಗೆ ಅಂದ್ರೆ ಭಯ ಆಯ್ತು. ನಾನೂ ಒಂದು ಒತ್ತಿಬಿಟ್ಟೆ.”

ಇಪ್ಪತ್ತೊಂಬತ್ತು. ನಲವತ್ತೊಂದರಲ್ಲಿ ಅಷ್ಟನ್ನು ಕಳೆದರೆ ಉಳಿಯುವುದು ಹನ್ನೆರಡು. ಯಾರೂ ಏನೂ ಮಾಡದೆ ಸುಮ್ಮನಿದ್ದರೆ ಸಾವಿರದ ಇನ್ನೂರು ಬಂದು ಅವನ ಕೆಲಸ ಇಲ್ಲೇ ಉಳಿಯುತ್ತಿತ್ತು. ಅಷ್ಟೇಕೆ, ಇವಳೊಬ್ಬಳು ಒತ್ತದಿದ್ದರೂ ಲೆಕ್ಕ ನಾಲ್ಕು ಸಾವಿರ ದಾಟುತ್ತಿರಲಿಲ್ಲ.

“ಯಾಕ್ರೀ, ಸಾಲಲಿಲ್ವಾ?” ಅಂತ ಅವಳು ಗಾಬರಿಯಿಂದ ಕೇಳಿದಳು.

ಅವನು ಅವಳ ಚೀಲ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡ.

“ಸಾಲದೇ ಏನು? ಬೇಕಾದ್ದಕ್ಕಿಂತ ಜಾಸ್ತೀನೇ ಬಂತು ಕಣೇ.”