ಪತ್ರಿಕೆಯಲ್ಲಿ ನನ್ನ ಮೈಮೇಲೆ ದೇವರು ಬಂದದ್ದು

ನಡೆದದ್ದು ಇಷ್ಟೇ. ಬಸ್ಸಿನ ಒಲೆಯಲ್ಲಿ ಬೂದಿ ತುಂಬಿತ್ತು, ನಾನು ಕೆದಕಿದೆ, ಕೆಂಡ ಹೊರಗೆ ಬಿತ್ತು, ಅದರಲ್ಲಿ ನಾಲ್ಕು ಗೆಣಸು ಸುಟ್ಟುಕೊಂಡು ತಿಂದೆ. ದೇವರು ಬರಲಿಲ್ಲ. ಆ ಬಿಸಿಲಿನಲ್ಲಿ ಹೊಸಕೋಟೆ ರಸ್ತೆಗೆ ಬರುವ ಗ್ರಹಚಾರ ದೇವರಿಗೇನಿದೆ? ಇದನ್ನೇ ಹೇಳಿ ಹೇಳಿ ನನ್ನ ಬಾಯಿ ಸೋತುಹೋಗಿದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ನಾನು ಓದಿದ್ದು ಎರಡನೇ ಕ್ಲಾಸು. ಒತ್ತಕ್ಷರ ಎದುರಾದರೆ ಈಗಲೂ ಕೈ ತಡೆಯುತ್ತದೆ. ತಪ್ಪಿದ್ದಲ್ಲಿ ನೀವೇ ತಿದ್ದಿಕೊಳ್ಳಿ. ನನಗೆ ತಿದ್ದುವಷ್ಟು ತ್ರಾಣವಿಲ್ಲ.

ನಮ್ಮೂರಿಗೆ ಬರುವುದು ಒಂದೇ ಪತ್ರಿಕೆ, ಅದೂ ಒಂದು ದಿನ ಹಳಸಿ. ಸಂಜೆ ಶಾಲೆಯ ಮೇಷ್ಟರು ನಮ್ಮ ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಾರೆ. ಯುದ್ಧದ ಸುದ್ದಿ ಬಂದಾಗ ಗಂಡಸರೆಲ್ಲ ತಲೆಯಾಡಿಸುತ್ತಾರೆ, ಅರ್ಥವಾದವರ ಹಾಗೆ. ನಾನು ಕಾಯುತ್ತಿದ್ದದ್ದು ಕೊನೆಯ ಪುಟದ ಮೂಲೆಯಲ್ಲಿ ಬರುವ ಚಿಲ್ಲರೆ ಸುದ್ದಿಗೆ. ಯಾವುದೋ ಊರಿನಲ್ಲಿ ಒಬ್ಬ, ರೇಡಿಯೋದೊಳಗೆ ಹಾಡುವವನಿಗೆ ಹಸಿವಾದೀತು ಅಂತ ಹಿಂದಿನಿಂದ ಬಾಳೆಹಣ್ಣು ತುರುಕಿದನಂತೆ. ಇನ್ನೊಬ್ಬ ಅಲಾರಂ ಗಡಿಯಾರ ಬಡಿದುಕೊಂಡಾಗ ಹೆದರಿ ಬಾವಿಗೆ ಎಸೆದನಂತೆ, ಅದು ಬಾವಿಯೊಳಗೂ ಬಡಿದುಕೊಂಡಿತಂತೆ. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಗುತ್ತಿದ್ದೆ. "ಎಂಥೆಂಥ ಪೆದ್ದರಿರ್ತಾರೆ ನೋಡಿ ಮೇಷ್ಟ್ರೇ" ಅನ್ನುತ್ತಿದ್ದೆ. ಈಗ ಆ ಬಾಳೆಹಣ್ಣಿನವನನ್ನು ನೆನೆದರೆ ಅಯ್ಯೋ ಅನ್ನಿಸುತ್ತದೆ. ಪಾಪ, ರೇಡಿಯೋದ ಹಿಂದಿನ ಧೂಳು ಒರೆಸುತ್ತಿದ್ದನೋ ಏನೋ, ಕೈಯಲ್ಲಿ ಹಣ್ಣಿತ್ತೋ ಏನೋ.

ಬಸ್ಸಿನ ವಿಷಯಕ್ಕೆ ಬರುತ್ತೇನೆ. ಪೆಟ್ರೋಲು ಸಿಗದ ಕಾಲ ಇದು. ಬಸ್ಸಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಹಂಡೆ ಕಟ್ಟಿ, ಅದರೊಳಗೆ ಇದ್ದಿಲು ಉರಿಸಿ, ಆ ಹೊಗೆಯಲ್ಲೇ ಓಡಿಸುತ್ತಾರೆ. ಹೊರಡುವ ಮೊದಲು ಕಂಡಕ್ಟರು ಹಂಡೆಯ ಪಕ್ಕ ನಿಂತು ಗಾಳಿಚಕ್ರ ತಿರುಗಿಸಬೇಕು. ದಿಣ್ಣೆ ಬಂದರೆ ನಾವೆಲ್ಲ ಇಳಿದು ನಡೆಯಬೇಕು, ಇನ್ನೂ ದೊಡ್ಡ ದಿಣ್ಣೆ ಬಂದರೆ ತಳ್ಳಬೇಕು. ನಂದಗುಡಿಯ ತಂಗಿ ಮನೆಯಿಂದ ಗೆಣಸು ಕಟ್ಟಿಸಿಕೊಂಡು ನಾನು ಊರಿಗೆ ಹೊರಟಿದ್ದ ದಿನ, ಹೊಸಕೋಟೆ ದಾಟಿ ಸ್ವಲ್ಪ ದೂರಕ್ಕೇ ಬಸ್ಸು ನಿಂತುಹೋಯಿತು. ಕಂಡಕ್ಟರು ಚಕ್ರ ತಿರುಗಿಸಿದ, ತಿರುಗಿಸಿದ, ಅಂಗಿ ಬಿಚ್ಚಿ ತಿರುಗಿಸಿದ. ಉರಿ ಏಳಲಿಲ್ಲ. ನಾನು ಹಂಡೆಯ ಹತ್ತಿರ ಹೋಗಿ ಬಗ್ಗಿ ನೋಡಿದೆ.

"ಅಮ್ಮಾ, ದೂರ ನಿಂತ್ಕೊಳ್ಳಿ. ಇದು ಮಿಷೀನು, ನಿಮ್ಮನೆ ಒಲೆ ಅಲ್ಲ" ಅಂದ ಡ್ರೈವರು.

"ಯಾರ ಮನೇದಾದ್ರೇನಪ್ಪಾ, ಬೂದಿ ತುಂಬಿದ್ರೆ ಒಲೆಗೆ ಉಸಿರು ಕಟ್ಟುತ್ತೆ. ಬೆಳಗ್ಗೆ ಬೂದಿ ತೆಗೆದ್ರಾ?"

ಡ್ರೈವರು ಕಂಡಕ್ಟರನ್ನು ನೋಡಿದ. ಕಂಡಕ್ಟರು ಪಕ್ಕದ ಹೊಲ ನೋಡಿದ. ಸರಿ, ಹಂಡೆಯ ಕೆಳಗಿನ ಬಾಗಿಲು ತೆಗೆಸಿ, ಒಂದು ಹುಣಸೆಬರಲು ಮುರಿದುಕೊಂಡು ನಾನೇ ಬೂದಿ ಎಳೆದೆ. ಹೊಗೆಗೆ ಕಣ್ಣು ಮುಚ್ಚಿಕೊಂಡೆ. ಬೂದಿ ಕೈಯಲ್ಲೇ ಹಣೆಯ ಬೆವರು ಒರೆಸಿಕೊಂಡೆ. ಬಾಯಲ್ಲಿ ಡ್ರೈವರಿನ ವಂಶವನ್ನೆಲ್ಲ ಮೆಲ್ಲಗೆ ಬೈಯುತ್ತಿದ್ದೆ. ಕೆಂಡ ಹೊರಗೆ ಬಿದ್ದಿತ್ತು, ಹಸಿವಾಗಿತ್ತು, ಗೆಣಸು ಹಾಕಿದೆ. ಕನ್ನಡಕದ ಯಾರೋ ಒಬ್ಬರು ಹತ್ತಿರ ಬಂದು ಹೆಸರು, ಊರು ವಿಚಾರಿಸಿದರು. ಹೇಳಿದೆ, ಒಂದು ಗೆಣಸೂ ಕೊಡಹೋದೆ. ತಿನ್ನಲಿಲ್ಲ. ಚಿಕ್ಕ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಅಷ್ಟರಲ್ಲಿ ಬಸ್ಸು ಗುಡುಗುಡು ಅಂದಿತು.

ಆರೇಳು ದಿನ ಕಳೆದ ಮೇಲೆ ಮೇಷ್ಟರು ಕೊನೆಯ ಪುಟದ ಮೂಲೆಗೆ ಬಂದರು. 'ಯಂತ್ರವನ್ನು ಒಲಿಸಿಕೊಂಡ ವೃದ್ಧೆ' ಅಂತ ತಲೆಬರಹ. ನಾನು ನಗಲು ಸಿದ್ಧಳಾಗಿ ಕೂತೆ. "ಆವೇಶಭರಿತಳಾದ ನಂಜಮ್ಮನೆಂಬ ವೃದ್ಧೆಯು ಹಣೆಗೆ ಭಸ್ಮ ಧರಿಸಿ, ಕಣ್ಮುಚ್ಚಿ ಮಂತ್ರ ಪಠಿಸುತ್ತ, ಅಗ್ನಿಗೆ ಕಂದಮೂಲಗಳನ್ನು ನಿವೇದಿಸಿದೊಡನೆ ಮೋಟಾರು ಹೊರಟಿತು" ಅಂತ ಓದಿದರು. ಊರೂ ಹೆಸರೂ ಸರಿಯಾಗಿ ಹಾಕಿದ್ದರು. ಸರಿಯಾಗಿದ್ದದ್ದು ಅವೆರಡೇ.

"ಕಂದಮೂಲ ಅಂದ್ರೇನು ಮೇಷ್ಟ್ರೇ?"

"ಗೆಣಸು ನಂಜಮ್ಮಾ" ಅಂದರು ಮೇಷ್ಟರು. ಜಗಲಿಯ ಮೇಲೆ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಮಾರನೇ ದಿನದಿಂದ ಶುರುವಾಯಿತು. ಕೀಲಿ ಕೊಟ್ಟರೂ ಓಡದ ಗಡಿಯಾರ, ದಾರ ಕಡಿಯುವ ಹೊಲಿಗೆ ಮಿಷೀನು, ಚೈನು ಕಳಚುವ ಸೈಕಲ್ಲು, ಎಲ್ಲವೂ ನಮ್ಮ ಬಾಗಿಲಿಗೆ ಬಂದವು. ಮುಟ್ಟಿಕೊಡಿ ಸಾಕು ಅಂತಾರೆ. ದೇವನಹಳ್ಳಿಯಿಂದ ಒಬ್ಬ ಹೊತ್ತಿಕೊಳ್ಳದ ಟಾರ್ಚು ತಂದು ನನ್ನ ಪಾದದ ಹತ್ತಿರ ಇಟ್ಟ. "ಹೊಸ ಬ್ಯಾಟರಿ ಹಾಕಪ್ಪಾ" ಅಂದೆ. "ಅಪ್ಪಣೆ ತಾಯಿ" ಅಂತ ಅಡ್ಡಬಿದ್ದ. ಬ್ಯಾಟರಿ ಹಾಕಿದ್ದಾನೆ, ಹೊತ್ತಿಕೊಂಡಿದೆ. ಅದೂ ನನ್ನ ಲೆಕ್ಕಕ್ಕೇ ಬಂತು. ನನಗೆ ರಾಗಿ ಕೇರುವುದಕ್ಕೂ ಬಿಡುವಿಲ್ಲ. ನನ್ನ ಮಗ ಕೆಂಪಣ್ಣನಿಗೆ ಮಾತ್ರ ಖುಷಿಯೋ ಖುಷಿ. ಆ ಸುದ್ದಿ ಕತ್ತರಿಸಿ ಗೋಡೆಗೆ ಅಂಟಿಸಿದ. "ಬಂದೋರನ್ನ ಯಾಕವ್ವಾ ಬೈದು ಕಳಿಸ್ತೀಯಾ? ಮುಟ್ಟಿಕೊಟ್ರೆ ನಿನ್ನ ಗಂಟೇನು ಹೋಗುತ್ತೆ?" ಅನ್ನುತ್ತಿದ್ದ.

ಗಂಟು ಹೋಯಿತು. ಕೆಂಪಣ್ಣನ ಮಗಳು ಜಯಮ್ಮನಿಗೆ ದೊಡ್ಡಬಳ್ಳಾಪುರದ ಕಡೆ ಒಂದು ಸಂಬಂಧ ಕೂಡಿಬಂದಿತ್ತು. ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕುವ ಮನೆ. ಹುಡುಗ ಇವಳಿಗೆ ಹಿಡಿಸಿದ್ದ. ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಯಾರಾದರೂ ದೊಡ್ಡಬಳ್ಳಾಪುರ ಅಂದರೆ ಸಾಕು, ಒಳಗೆ ಬೀಸುವ ಕಲ್ಲಿನ ಸದ್ದು ನಿಲ್ಲುತ್ತಿತ್ತು. ಈ ಸಂಬಂಧ ತಂದಿದ್ದ ಮುನಿಯಪ್ಪ ಒಂದು ಸಂಜೆ ಬಂದು ಜಗಲಿಯ ತುದಿಯಲ್ಲಿ ಕೂತ.

"ನಂಜಮ್ಮಾ, ಬೇಜಾರ್ ಮಾಡ್ಕೋಬೇಡಿ. ಹುಡುಗನ ತಾಯಿ ಹಿಂದೇಟು ಹಾಕ್ತಿದ್ದಾರೆ."

"ಯಾಕಂತೆ?"

"ಮೈಮೇಲೆ ದೇವರು ಬರೋ ಮನೆ ಹೆಣ್ಣು, ನಾಳೆ ಇವಳ ಮೈಮೇಲೂ ಬಂದ್ರೆ ಏನ್ ಗತಿ ಅಂತಾರೆ. ಸೊಸೆ ತಪ್ಪು ಮಾಡಿದ್ರೆ ಬೈಯೋದಾ, ಕೈ ಮುಗಿಯೋದಾ ಅಂತ ಕೇಳಿದ್ರು. ನಾನೇನ್ ಹೇಳ್ಲಿ? ನಾಳೆ ಮಧ್ಯಾಹ್ನ ದೇವನಹಳ್ಳಿ ಪಕ್ಕದ ವಿಜಯಪುರಕ್ಕೆ ಬೇರೆ ಹೆಣ್ಣು ನೋಡೋಕೆ ಹೊರಟಿದ್ದಾರೆ."

ಮುನಿಯಪ್ಪ ಹೋದ ಮೇಲೆ ಕಲ್ಲು ತಿರುಗಲೇ ಇಲ್ಲ. ಒಳಗೆ ಹೋದೆ. ಜಯಮ್ಮ ಕಲ್ಲಿನ ಹಿಡಿ ಹಿಡಿದುಕೊಂಡು ಕೂತಿದ್ದಳು. ಅತ್ತಿರಲಿಲ್ಲ. ಅತ್ತಿದ್ದರೆ ಗದರಬಹುದಿತ್ತು.

"ಅಜ್ಜೀ, ಆ ಗೆಣಸನ್ನ ಮನೆಗೆ ಬಂದು ತಿನ್ನೋಕಾಗ್ತಿರಲಿಲ್ವಾ?" ಅಂದಳು.

ಇಷ್ಟು ವರ್ಷದಲ್ಲಿ ನನ್ನ ಬಾಯಿ ಮುಚ್ಚಿಸಿದವರು ಇಬ್ಬರೇ. ಒಬ್ಬರು ನನ್ನ ಅತ್ತೆ, ಅವರು ಹೋಗಿ ಕಾಲವಾಯಿತು.

ಮಾರನೇ ಬೆಳಗ್ಗೆ ಮೊದಲ ಬಸ್ಸು ಹತ್ತಿದೆ. ಇದ್ದದ್ದು ಇದ್ದ ಹಾಗೆ ಹೇಳಿಬಿಡುವುದು, ಅಷ್ಟೇ ನನ್ನ ಯೋಚನೆ. ಹುಡುಗನ ತಾಯಿ ಚಿಕ್ಕತಾಯಮ್ಮನವರು ಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದರು. ನನ್ನನ್ನು ನೋಡಿದ್ದೇ ಎದ್ದು ನಿಂತರು. ನನಗೆ ಮಣೆ ಹಾಕಿ, ತಾವು ಕೂರಲಿಲ್ಲ.

"ನೋಡಿ ಚಿಕ್ಕತಾಯಮ್ಮಾ, ನನ್ನ ಮೈಮೇಲೆ ಯಾವ ದೇವರೂ ಬಂದಿಲ್ಲ. ಬಂದಿದ್ದು ಸಿಟ್ಟು, ಹಸಿವು, ಎರಡೇ" ಅಂತ ಶುರುಮಾಡಿ ಬೂದಿ, ಬೆವರು, ಹೊಗೆ ಎಲ್ಲ ಬಿಡಿಸಿ ಹೇಳಿದೆ.

ಅವರು ಪೂರಾ ಕೇಳಿಸಿಕೊಂಡರು. ಆಮೇಲೆ, "ದೊಡ್ಡೋರು, ಹಂಗೇ ಹೇಳ್ತೀರ. ಆದ್ರೆ ಅಚ್ಚಾಗಿದೆಯಲ್ಲಮ್ಮಾ?" ಅಂದರು.

"ಸುಳ್ಳು ಅಚ್ಚಾಗಿದೆ."

"ಸುಳ್ಳನ್ನ ಯಾರಾದ್ರೂ ಅಚ್ಚು ಹಾಕ್ತಾರಾ?"

ನಾನು ಅವರ ಮುಖ ನೋಡಿದೆ. ಒಳ್ಳೆಯ ಹೆಂಗಸು, ಬಡಪೆಟ್ಟಿಗೆ ಜಗ್ಗುವವರಲ್ಲ. ಗೋಡೆಯ ಪಕ್ಕ ವಿಜಯಪುರಕ್ಕೆ ಉಡುವ ಸೀರೆ ಮಡಿಸಿಟ್ಟಿತ್ತು. ನಾನು ದಣಿದಿದ್ದೆ, ನಿಜಕ್ಕೆ ಇನ್ನು ಹೆಚ್ಚು ಹೊತ್ತು ದುಡಿಯುವ ಶಕ್ತಿ ನನಗಿರಲಿಲ್ಲ.

"ಸರಿ, ದೇವರು ಬರುತ್ತೆ" ಅಂದೆ.

ಅವರ ಎರಡೂ ಕೈ ತಾವಾಗಿ ಜೋಡಿಸಿಕೊಂಡು ಎದೆಯ ಮಟ್ಟಕ್ಕೆ ಬಂದವು.

"ಆದ್ರೆ ನಮ್ಮ ಮನೆಗೆ ಬಂದ ಸೊಸೇರಿಗೆ ಮಾತ್ರ ಬರುತ್ತೆ. ನಾನೂ ಆ ಮನೆಗೆ ಸೊಸೆಯಾಗೇ ಬಂದೋಳು. ಜಯಮ್ಮ ಹೆಣ್ಣುಮಗಳು, ಧಾರೆ ಎರೆದ ದಿನ ನಿಮ್ಮ ಮನೆಯೋಳು, ನಿಮ್ಮ ಮನೆದೇವರಿಗೆ ಸೇರಿದೋಳು. ನಮ್ಮ ದೇವರು ಅವಳ ಹಿಂದೆ ಬಂದ್ರೆ ನಿಮ್ಮ ದೇವರು ಒಳಗೆ ಬಿಟ್ಟುಕೊಳ್ಳುತ್ತಾ? ಅಷ್ಟು ಸದರವಾ ನಿಮ್ಮ ಮನೆದೇವರು?"

"ಅಯ್ಯೋ, ಉಂಟಾ!" ಅಂದರು ಚಿಕ್ಕತಾಯಮ್ಮ. ಮಡಿಸಿಟ್ಟ ಸೀರೆ ಎತ್ತಿ ಪೆಟ್ಟಿಗೆಯೊಳಗೆ ಹಾಕಿದರು. ಆಮೇಲೆ ಬಂದು ನನ್ನ ಕಾಲಿಗೆ ಬಗ್ಗಿದರು. ಹಿಂದೆ ಸರಿಯಬೇಕಿತ್ತು. ಸರಿಯಲಿಲ್ಲ. ಅವರ ತಲೆಯ ಮೇಲೆ ಕೈಯಿಟ್ಟು, "ಈ ಶುಕ್ರವಾರವೇ ಲಗ್ನಪತ್ರಿಕೆ ಬರೆಸಬೇಕು ಅಂತ ಅಪ್ಪಣೆಯಾಗಿದೆ" ಅಂದೆ.