ಕ್ಯಾರಿಯ ಮುದುಕರಿಗೆ ನಾನು ಕೋಲಾಟ ಕಲಿಸಿದ್ದು

ನಾನು ಸುಮ್ಮನೆ ಕುರ್ಚಿಯಲ್ಲಿ ಕೂತರೂ ಸುತ್ತಮುತ್ತ ಏನಾದರೊಂದು ಆಗಿಯೇ ತೀರುತ್ತದೆ. ತೊಂಬತ್ತರ ದಶಕದಲ್ಲಿ ಅಮೆರಿಕದ ಕ್ಯಾರಿ ಅನ್ನೋ ಊರಿನಲ್ಲಿದ್ದ ಮಗಳ ಮನೆಗೆ ಹೋದಾಗಲೂ ಅದು ತಪ್ಪಲಿಲ್ಲ. ನನ್ನ ಹೆಂಡತಿಗೆ ಮರೆವಿನ ಕಾಯಿಲೆ. ಅಂಥವರು ಹಗಲು ಕೂಡುವ ಕೇಂದ್ರವೊಂದಿತ್ತು. ಮಗಳು ನಮ್ಮಿಬ್ಬರನ್ನೂ ಅಲ್ಲಿ ಬಿಟ್ಟು ಆಫೀಸಿಗೆ ಹೋಗುತ್ತಿದ್ದಳು. ನನ್ನ ಹೆಂಡತಿಯೋ, ಯಾರ ಜೊತೆಗೂ ಬೆರೆಯದೆ ಬಾಗಿಲ ಕಡೆಗೇ ನಡೆಯುವವಳು. ಅಲ್ಲಿನ ಮೇಡಂ, "ಮೂರು ವಾರ ನೋಡ್ತೀವಿ. ಜನರ ಜೊತೆ ಸೇರದಿದ್ದರೆ ಇಟ್ಟುಕೊಳ್ಳೋಕಾಗಲ್ಲ" ಅಂದುಬಿಟ್ಟರು. ಹಾಗಾದರೆ ಮಗಳು ಕೆಲಸ ಬಿಡಬೇಕು.

೧. ಹೆಸರು

ಮೊದಲ ದಿನ ನರ್ಸಮ್ಮ ನನ್ನನ್ನು ತೋರಿಸಿ, "ಇವರ ಹೆಸರೇನು?" ಎಂದು ನನ್ನ ಹೆಂಡತಿಯನ್ನು ಮಗಳಿಂದ ಕೇಳಿಸಿದಳು. ಇವಳು ಸೆರಗು ಬಾಯಿಗಿಟ್ಟುಕೊಂಡು ನಾಚಿದಳು. ಗಂಡನ ಹೆಸರೂ ಮರೆತಿದ್ದಾರೆ ಅಂತ ನರ್ಸಮ್ಮ ಬರೆದುಕೊಂಡಳು.

"ಮರೆತಿಲ್ಲವ್ವಾ, ನಮ್ಮ ಕಡೆ ಹೆಂಗಸ್ರು ಗಂಡನ ಹೆಸರು ಹೇಳಂಗಿಲ್ಲ" ಎಂದೆ ಮಗಳಿಗೆ. "ಆಕಿ ಲೆಕ್ಕದಾಗ ನಿಮ್ಮವ್ವಗ ಮದುವಿ ದಿನಾನ ಈ ರೋಗ ಬಂದೈತಿ ಅಂತ ಬರಕೋ ಅನ್ನು."

೨. ಚಮಚ

ವಾರಕ್ಕೊಮ್ಮೆ ಟೇಪು ಹಾಕಿ ಕುಣಿಸುತ್ತಿದ್ದರು. ಎಲ್ಲರೂ ಅವರವರ ಪಾಡಿಗೆ ನಿಂತಲ್ಲೇ ಕಾಲು ಅಲ್ಲಾಡಿಸುವುದು. ಒಂದು ಸಲ ಮಗಳು ರಜೆ ಹಾಕಿ ಜೊತೆಗೆ ಬಂದಿದ್ದಳು. "ಇದೇನು ಕುಣಿತ? ನಾನು ಹೆಜ್ಜೆಮೇಳದಾಗ ಕುಣಿದ ಜಾಗಾದಾಗ ಬಾವಿ ತೋಡೂ ಕೆಲಸಾನ ಇರಲಿಲ್ಲ, ಹೆಜ್ಜಿ ಬಿದ್ದಲ್ಲೇ ನೀರು ಬರ್ತಿತ್ತು, ಹೇಳು ಇವರಿಗೆ" ಎಂದೆ. ಮಗಳು ಬಾವಿ ಬಿಟ್ಟು ಉಳಿದದ್ದು ಹೇಳಿದಳು. ನಾನೇ ಕೋಲಾಟ ಕಲಿಸುತ್ತೇನೆ ಎಂದದ್ದಕ್ಕೆ ಮೇಡಂ ಒಪ್ಪಿದರು.

ಅಡುಗೆಮನೆಯ ಮರದ ಚಮಚ ಹಂಚಿ ಎಲ್ಲರನ್ನೂ ಸುತ್ತ ನಿಲ್ಲಿಸಿದೆ. ಕೋಲಾಟದಲ್ಲಿ ಪಕ್ಕದವನನ್ನು ನೋಡದೆ ಗತಿಯಿಲ್ಲ. ತಿಂಗಳುಗಟ್ಟಲೆ ತುಟಿ ಬಿಚ್ಚದ ಮುದುಕನೊಬ್ಬನ ಬೆರಳ ಗೆಣ್ಣಿಗೇ ನನ್ನ ಚಮಚ ಬಿತ್ತು. ಆತ ಒಂದೇ ಉಸಿರಿಗೆ ಒಂದು ನಿಮಿಷ ಮಾತಾಡಿದ. ಜೊತೆಗೆ ಬಂದಿದ್ದ ಅವನ ಹೆಂಡತಿ ಖುಷಿಗೆ ಅತ್ತೇಬಿಟ್ಟಳು.

"ಏನಂದ?" ಎಂದು ಮಗಳನ್ನು ಕೇಳಿದೆ.

"ಅಪ್ಪಾ, ಅದನ್ನ ನಿನ್ನ ಮುಂದ ಹೇಳೂ ಹಂಗಿಲ್ಲ."

೩. ಗುಟ್ಟು

ಮೂರನೇ ವಾರದ ಕೊನೆಯ ದಿನ. ಮೇಡಂ ಚಮಚ ಕಸಿದುಕೊಂಡು ಸುರುಳಿ ಸುತ್ತಿದ ಪೇಪರು ಕೊಟ್ಟಿದ್ದರು. ಇವಳು ಬಾಗಿಲ ಹತ್ತಿರವೇ. ನಾನು ಕರೆದರೆ ಕೈ ಕೊಸರಿಕೊಂಡಳು. ಗೆಣ್ಣಿಗೆ ಏಟು ತಿಂದ ಆ ಮುದುಕ ಬಂದು ಅವಳ ಮುಂದೆ ತನ್ನ ಪೇಪರಿನ ಕೋಲು ಚಾಚಿದ. ಇವಳು ನೋಡಿದಳು. ತನ್ನ ಕೈಲಿದ್ದ ಸುರುಳಿಯಿಂದ ಒಂದು ಕುಟ್ಟಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸುತ್ತಿನೊಳಗೆ ನುಗ್ಗಿ, "ಹಂಗಲ್ಲೋ, ಬಲಕ್ಕ ತಿರುಗು" ಎಂದು ಬೈಯುತ್ತ ಅಷ್ಟೂ ಜನರನ್ನು ಕನ್ನಡದಲ್ಲೇ ಕುಣಿಸಿದಳು. ಸಂಜೆ ಕರೆದೊಯ್ಯಲು ಬಂದ ಮಗಳಿಗೆ ಮೇಡಂ, "ಅಮ್ಮನ್ನ ಒಂದು ದಿನಾನೂ ತಪ್ಪಿಸಬೇಡಿ" ಅಂದರು.

ಕಲಿಸಿದವನು ನಾನಲ್ಲವೆ, ಎದೆಯುಬ್ಬಿಸಿ ಇವಳ ಪಕ್ಕ ಕೂತೆ. ಆ ಹೊತ್ತಿಗೆ ಇವಳಿಗೆ ನನ್ನ ಗುರುತು ಸಿಕ್ಕಿರಲಿಲ್ಲ. ಬೆವರು ಒರೆಸಿಕೊಂಡು, ಅತ್ತಿತ್ತ ನೋಡಿ, ಮೆಲ್ಲಗೆ ಅಂದಳು: "ಅಣ್ಣಾರ, ನಾ ಕುಣಿದದ್ದು ನಮ್ಮನಿಯವರಿಗೆ ಹೇಳಬ್ಯಾಡ್ರಿ."

"ಯಾಕವ್ವಾ, ಸಿಟ್ಟಾಗ್ತಾರೇನು?"

"ಸಿಟ್ಟಲ್ರಿ. ಪಾಪ, ಅವರಿಗೆ ಕುಣಿಯಾಕ ಬರಂಗಿಲ್ಲ. ನಾ ಇನ್ನೂತನಕ ಅದನ್ನ ಅವರ ಮುಂದ ಹೇಳಿಲ್ಲ."