ಜಾಲಿ ತೊಗಟೆ ಮತ್ತು ಊರವರ ಹಲ್ಲು

ಮಾತು ಕಡಿಮೆಯವನು ಹಲ್ಲು ಕೇಳಿಕೊಂಡು ಊರೂರು ತಿರುಗಿದರೆ ಹೀಗೆಲ್ಲ ಆಗುತ್ತಲೇ ಇರುತ್ತದೆ. ಹಲ್ಲಿನ ಸವೆದ ಹೊರಪದರ ಎನಾಮಲ್ ಅನ್ನು ಜಾಲಿ ತೊಗಟೆಯ ರಸ ಮತ್ತೆ ಗಟ್ಟಿ ಮಾಡೀತೇ ಎಂದು ನಮ್ಮ ಕಾಲೇಜಿನಲ್ಲಿ ಪರೀಕ್ಷಿಸುತ್ತಿದ್ದೇನೆ. ಅದಕ್ಕೆ ಕಿತ್ತ ಹಲ್ಲು ಬೇಕು. ತಿಂಗಳೊಳಗೆ ಸಿಗದಿದ್ದರೆ ಕೆಲಸ ನಿಲ್ಲಿಸಿ ಎಂದು ಪ್ರಾಂಶುಪಾಲರು ಹೇಳಿಬಿಟ್ಟಿದ್ದರು.

ಆಳಂದ

ದಂತವೈದ್ಯರ ಖುರ್ಚಿಯಿಂದ ಆಗಷ್ಟೇ ಇಳಿದ ವಯಸ್ಸಾದ ಮುತ್ಯಾ ಒಬ್ಬರು ಕಿತ್ತ ದವಡೆ ಹಲ್ಲನ್ನು ಧೋತರದ ಚುಂಗಿಗೆ ಕಟ್ಟಿಕೊಳ್ಳುತ್ತಿದ್ದರು. ಕೊಡುತ್ತೀರಾ ಎಂದೆ.

“ಆಗಂಗಿಲ್ರಿ. ನಮ್ಮಲ್ಲಿ ಸತ್ತವ್ರನ್ನ ಕೂಡಿಸಿ ಮಣ್ಣ ಕೊಡ್ತಾರ. ಹಲ್ಲು ಒಂದ್ ಕಡಿ, ನಾ ಒಂದ್ ಕಡಿ ಆದ್ರ ಹ್ಯಾಂಗ್ರಿ?”

ರಸ ಹಚ್ಚಿ ಹಲ್ಲು ಗಟ್ಟಿ ಮಾಡುವ ಪ್ರಯೋಗ ಎಂದು ವಿವರಿಸಿದೆ. ಮುತ್ಯಾ ಗಂಟು ಬಿಚ್ಚಿ ಹಲ್ಲು ನನ್ನ ಕೈಗಿಟ್ಟು, ಮತ್ತೆ ಖುರ್ಚಿ ಏರಿ ಬಾಯಿ ತೆರೆದರು. “ಹಂಗಾರ ಗಟ್ಟಿ ಮಾಡಿ ಹೊಳ್ಳಿ ಬಾಯಾಗ ಹಚ್ರಿ. ನಾ ಇಲ್ಲೇ ಕುಂತಿರ್ತೀನಿ.”

ಹಲ್ಲು ಹಿಂದಿರುಗಿಸಿ ಬಂದೆ.

ಅಫಜಲಪುರ

ನನಗೆ ತೊಗಟೆ ಕೊಡುವ ಮಣ್ಣೂರಿನ ಗೌಡರಿಗೆ, “ಇದನ್ನು ಇನ್ನೂ ಬಾಯಿಗೆ ಹಾಕಬಾರದು, ಬಾಯಿಯ ಹೊರಗಿನ ಹಲ್ಲಿಗೆ ಮಾತ್ರ” ಎಂದು ಎಚ್ಚರಿಸಿದ್ದೆ. ಗೌಡರು ಮಾತು ಮೀರಲಿಲ್ಲ. ತಾವೇ ತೊಗಟೆ ಕುದಿಸಿ, ತಾಯಿಯ ಕಟ್ಟಿಸಿದ ಹಲ್ಲಿನ ಸೆಟ್ಟು ಇಡುವ ಲೋಟಕ್ಕೆ ನೀರಿನ ಬದಲು ರಸ ಸುರಿದರು.

ಮುಂದಿನ ವಾರ ನೋಡಿದರೆ ಸೆಟ್ಟು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ನಾನು ಕ್ಷಮೆ ಕೇಳುವ ಮೊದಲೇ ಗೌಡರ ತಾಯಿ, ಊರವರ ಆಯಿ, ಬಾಯಿ ಅಗಲಿಸಿ ನಕ್ಕರು.

“ನೋಡ್ರಿ ಸರ, ಈಗ ಖರೇ ಹಲ್ಲು ಕಂಡಂಗ ಕಾಣ್ತಾವ! ಮೊದ್ಲ ಗೋಡಿಗಿ ಸುಣ್ಣ ಹೊಡ್ದಂಗ ಇದ್ವು. ಜನ್ಮಪೂರ್ತಿ ಎಲಿ-ಅಡಿಕಿ ತಿಂದಾಕಿ ಹಲ್ಲು ಅಷ್ಟು ಬೆಳ್ಳಗಿದ್ರ ಬೀಗರು ನಂಬ್ತಾರೇನ್ರಿ?”

ಜೇವರ್ಗಿ

ಆಯಿ ಜೇವರ್ಗಿ ತಾಲ್ಲೂಕಿನ ಅಂದೋಲಾದ ಬೀಗರ ಮನೆಗೆ ಹೋಗಿ ಎಲ್ಲರಿಗೂ ಹಲ್ಲು ತೋರಿಸಿ ಬಂದದ್ದು ನನಗೆ ಗೊತ್ತಿರಲಿಲ್ಲ. ತಿಂಗಳು ಮುಗಿಯುತ್ತ ಬಂದಿತ್ತು. ಕೊನೆಯ ಆಸೆಯಿಂದ ಜೇವರ್ಗಿಯ ದಂತ ತಪಾಸಣೆ ಶಿಬಿರಕ್ಕೆ ಹೋದೆ. “ಜಾಲಿ ರಸದವ್ರು ಬಂದಾರ” ಎಂದು ಯಾರೋ ಕೂಗಿದರು. ನೋಡನೋಡುತ್ತಿದ್ದಂತೆ ವಯಸ್ಸಾದ ಹೆಂಗಸರ ಸಾಲು ನಿಂತಿತು. ಎಲ್ಲರ ಸೆರಗಿನಲ್ಲೂ ಒಂದೊಂದು ಗಂಟು. ಅಂತೂ ಹಲ್ಲು ಬಂದವೆಂದು ಡಬ್ಬಿ ತೆರೆದು ಹಿಡಿದೆ.

ಮೊದಲನೆಯವರು ಗಂಟು ಬಿಚ್ಚಿದರು. ಸೆಟ್ಟು. ಎರಡನೆಯವರದೂ ಸೆಟ್ಟು. ಸಾಲಿಗೆ ಸಾಲೇ ಸೆಟ್ಟು.

“ಆಯಿ, ನನಗೆ ಖರೇ ಹಲ್ಲು ಬೇಕು!” ಎಂದು ಕೂಗಿಯೇಬಿಟ್ಟೆ.

ಸಾಲಿನ ತುದಿಯ ಆಯಿ ಬೊಚ್ಚುಬಾಯಲ್ಲೇ ಗದರಿದರು: “ನಮಗೂ ಅವೇ ಬೇಕಾಗ್ಯಾವ. ಸುಮ್ನ ಬಂದು ಲೈನಿಗಿ ನಿಂದರ್ರಿ!”